ಪಂಪಿನ ಅಳತೆ ಸರಿಯಿದೆಯೇ? ಐದು ಲೀಟರಿನ ಪಾತ್ರೆ ಕೇಳಿ

ದರ ಕಡಿಮೆಯೆಂದು ಕೇರಳದ ಮಂಜೇಶ್ವರ, ಉಪ್ಪಳದವರು ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿಸುವುದು ಹೊಸತಲ್ಲ. ಗಡಿಯ ಆಚೀಚೆ ದರ ಬೇರೆಯಾದರೂ ಅಳತೆಗೆ ಎರಡೂ ಕಡೆ 2009ರ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ಕಾಯ್ದೆಯೇ ಆಧಾರ. ಐದು ಲೀಟರಿಗೆ 25 ಮಿಲಿಲೀಟರ್ ವ್ಯತ್ಯಾಸಕ್ಕೆ ವಿನಾಯಿತಿ ಇದೆ, ಅಂದರೆ ಸಾವಿರ ರೂಪಾಯಿಗೆ ಐದು ರೂಪಾಯಿ. ಕೊರತೆ ಅದಕ್ಕಿಂತ ಹೆಚ್ಚಾದರೆ ಮಾತ್ರ ಜಗಳಕ್ಕೆ ಅರ್ಥವಿದೆ.

'13 ಲೀಟರಿನ ಟ್ಯಾಂಕಿಗೆ 14 ಲೀಟರ್ ಹೇಗೆ ಹಿಡಿಯಿತು?' ಎಂಬುದು ಪಂಪಿನಲ್ಲಿ ಆಗಾಗ ಕೇಳುವ ತಕರಾರು. ಇದು ಪುರಾವೆಯಾಗದು. ಕಂಪನಿ ಹೇಳುವ ಲೆಕ್ಕದಲ್ಲಿ ಆವಿಗೆ ಬಿಟ್ಟ ಜಾಗ ಸೇರಿರುವುದಿಲ್ಲ. ಕತ್ತಿನವರೆಗೆ ತುಂಬಿದರೆ ಹೆಚ್ಚೇ ಹಿಡಿಯುತ್ತದೆ. ನೀರಿನ ಬಾಟಲಿಯಲ್ಲಿ ಅಳೆದದ್ದೂ ನಿಲ್ಲದು.

ಹಾಕಿಸುವಾಗ ವಾಹನದಿಂದ ಇಳಿದು ಸೊನ್ನೆ ನೋಡಿ. ಐನೂರಕ್ಕೆ ಹೇಳಿದ್ದು ಇನ್ನೂರಕ್ಕೇ ನಿಂತರೆ ಎಚ್ಚರ: ಮತ್ತೆ ಶುರುವಾದದ್ದು ಸೊನ್ನೆಯಿಂದಲಾದರೆ ಮುನ್ನೂರಕ್ಕೆ, ಇನ್ನೂರರಿಂದಲೇ ಆದರೆ ಐನೂರಕ್ಕೆ ನಿಲ್ಲಬೇಕು. ಇನ್ನೂರರಿಂದ ಹೊರಟು ಮುನ್ನೂರಕ್ಕೆ ನಿಲ್ಲಿಸಿ ಐನೂರು ವಸೂಲು ಮಾಡುವುದು ಹಳೆಯ ಕೈಚಳಕ. ಇದಕ್ಕೆ ಯಂತ್ರ ಕೆಡಿಸುವ ಅಗತ್ಯವೇ ಇಲ್ಲ.

ಯಂತ್ರದ ಮೇಲೇ ಸಂಶಯವಿದ್ದರೆ ಐದು ಲೀಟರಿನ ಅಳತೆ ಪಾತ್ರೆ ಕೇಳಿ. ಅದನ್ನು ಪಂಪಿನಲ್ಲಿ ಇಟ್ಟಿರಲೇಬೇಕು. ಪರೀಕ್ಷೆಗೆ ದುಡ್ಡಿಲ್ಲ, ಅಳೆದ ಎಣ್ಣೆ ಅವರ ಟ್ಯಾಂಕಿಗೇ ವಾಪಸು. ಮೊದಲು ಪಾತ್ರೆಯ ಮೇಲೆ ಇಲಾಖೆಯ ಮುದ್ರೆ ನೋಡಿ: ವರ್ಷದ ಅಂಕೆಯೊಂದಿಗೆ ತ್ರೈಮಾಸಿಕ ಸೂಚಿಸುವ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಇರುತ್ತದೆ. ಪಾತ್ರೆ ಒಣಗಿದ್ದರೆ ಒಮ್ಮೆ ತುಂಬಿಸಿ ಸುರಿಸಿ, ಧಾರೆ ನಿಂತ ಮೇಲೆ ಅರ್ಧ ನಿಮಿಷ ಬೋರಲು ಹಿಡಿಸಿ. ಒದ್ದೆ ಗೋಡೆಯನ್ನು ಲೆಕ್ಕಕ್ಕೆ ಹಿಡಿದೇ ಗುರುತು ಹಾಕಿರುತ್ತಾರೆ. ಒಣ ಪಾತ್ರೆ ಸುಳ್ಳೇ ಕಡಿಮೆ ತೋರಿಸುತ್ತದೆ. ಬಳಿಕ ಸಮತಟ್ಟಾದ ನೆಲದಲ್ಲಿಟ್ಟು, ನೀವು ಹಾಕಿಸಿಕೊಂಡ ಅದೇ ನಾಝಲಿನಿಂದ, ರೂಪಾಯಿಯಲ್ಲಲ್ಲ, ಲೀಟರಿನಲ್ಲಿ 5.00 ಎಂದು ಒತ್ತಿಸಿ, ಪೂರ್ತಿ ವೇಗದಲ್ಲಿ ತುಂಬಿಸಿ. ನೊರೆ ಇಳಿದ ಮೇಲೆ ಕಣ್ಣನ್ನು ಕತ್ತಿನ ಗೆರೆಯ ಮಟ್ಟಕ್ಕೆ ತಂದು ಓದಿ. ಒಂದೇ ಸಲದ ಫಲಿತಾಂಶ ನಂಬಬೇಡಿ, ಇನ್ನೊಮ್ಮೆ ಅಳೆಸಿ. ಎರಡೂ ಸಲ ಕೊರತೆ 25 ಮಿಲಿಗಿಂತ ಹೆಚ್ಚಿದ್ದರೆ ಆ ನಾಝಲಿನ ಮಾರಾಟ ನಿಲ್ಲಿಸಲು ಹೇಳಿ.

ಅಳತೆ ತಪ್ಪಿದ್ದೆಲ್ಲ ಮೋಸವಲ್ಲ. ಮೀಟರಿನ ಪಿಸ್ಟನ್ ಸವೆದರೆ ಎಣ್ಣೆ ಲೆಕ್ಕಕ್ಕೆ ಸಿಗದೆ ನುಸುಳುತ್ತದೆ, ಲಾಭ ಗ್ರಾಹಕನಿಗೇ (ಆಗ ಯಾರೂ ದೂರು ಕೊಡುವುದಿಲ್ಲ!). ಪೈಪಿನಲ್ಲಿ ಗಾಳಿ ಸೇರಿದರೆ ಅದೂ ಎಣ್ಣೆಯ ಲೆಕ್ಕದಲ್ಲಿ ಎಣಿಕೆಯಾಗಿ ನಷ್ಟ ನಿಮಗೆ. ನಿಜವಾದ ಕಳ್ಳತನ ಪಲ್ಸರ್ ಸುತ್ತ ನಡೆಯುತ್ತದೆ: ಮೀಟರಿನ ತಿರುಗುವಿಕೆಯನ್ನು ಅಂಕೆಯಾಗಿಸುವ ಭಾಗ ಅದು. 2017ರಲ್ಲಿ ಲಖನೌ ಪಂಪುಗಳಲ್ಲಿ ಸಿಕ್ಕಿದ್ದು ರಿಮೋಟಿನಿಂದ ನಡೆಸುವ ಚಿಪ್. ಇಂಥದ್ದನ್ನು ಪರೀಕ್ಷೆಯ ಹೊತ್ತಿಗೆ ಆರಿಸಿಬಿಡಬಹುದು. ಹಾಗಾಗಿ ಪಾತ್ರೆ ಸರಿ ತೋರಿಸಿದರೂ ಮೀಟರಿನ ಸೀಸದ ಸೀಲು, ತಂತಿ ಹರಿದಿದ್ದರೆ ದೂರು ಕೊಡಿ. ಒಳಗೆ ತೆರೆದು ನೋಡುವುದು ಇನ್‌ಸ್ಪೆಕ್ಟರ ಕೆಲಸ.

ನಾಝಲ್ ಸಂಖ್ಯೆ, ಹೊತ್ತು, ಎರಡೂ ಓದುವಿಕೆ ಬರೆದುಕೊಳ್ಳಿ. ಪಂಪಿನ ಹತ್ತಿರ ಮೊಬೈಲ್ ತೆಗೆಯಬೇಡಿ. ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ, ಅಂದೇ ನಕಲು ಮಾಡಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಾಸರಗೋಡಿನ ಲೀಗಲ್ ಮೆಟ್ರಾಲಜಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ, ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕನ್ನು ಕೇರಳದ 1969ರ ಕಾಯ್ದೆಯೇ ಕೊಟ್ಟಿದೆ. ಗಡಿಯವರು ಎಡವುವುದು ಒಂದು ಕಡೆ: ದೂರು ಪಂಪ್ ಇರುವ ಜಿಲ್ಲೆಗೆ ಹೋಗಬೇಕು, ವಾಹನದ ನಂಬರಿನ ಜಿಲ್ಲೆಗಲ್ಲ. ತಲಪಾಡಿಯಲ್ಲಿ ಗಡಿಯಿಂದಾಚೆ, ಕರ್ನಾಟಕದ ಪಂಪಿನಲ್ಲಿ ಹಾಕಿಸಿದ್ದರೆ ವಿಳಾಸ ಮಂಗಳೂರು.