ಕ್ರಿಸ್‌ಮಸ್ ವೈನ್: ನಮ್ಮ ಅಜ್ಜಿ ಭರಣಿಯಲ್ಲಿ ಹಾಕ್ತಿದ್ದ ಹಾಗೆ

ಮಂಗಳೂರು ಕಡೆ ಕ್ರಿಶ್ಚಿಯನ್ ಮನೆಗಳಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಜೊತೆ ಮನೆ ವೈನ್ ಇದ್ದೇ ಇರ್ತದೆ, ನಮ್ಮಲ್ಲಿ ಅದು ಅಜ್ಜಿ ಡಿಪಾರ್ಟ್‌ಮೆಂಟು. ಡಿಸೆಂಬರ್ 25ಕ್ಕೆ ಬೇಕಂದ್ರೆ ನವೆಂಬರ್ 13ರ ಒಳಗೆ ಹಾಕ್ಬೇಕು, 21 ದಿನ ಹುಳಿಯೋದಕ್ಕೆ, ಇನ್ನೊಂದು 21 ತಿಳಿಯಾಗೋದಕ್ಕೆ.

ದ್ರಾಕ್ಷಿ ಬೆಂಗಳೂರು ಬ್ಲೂನೇ ಆಗ್ಬೇಕು, ದಪ್ಪ ಸಿಪ್ಪೆಯ ಬೀಜದ ಕಪ್ಪು ದ್ರಾಕ್ಷಿ, ಬಣ್ಣ ಎಲ್ಲ ಆ ಸಿಪ್ಪೆಯಿಂದಲೇ ಬರೋದು. 2 ಕೆಜಿ ದ್ರಾಕ್ಷಿಗೆ ಒಂದೂವರೆ ಕೆಜಿ ಸಕ್ಕರೆ, 2 ಲೀಟರ್ ಕುದಿಸಿ ಆರಿಸಿದ ನೀರು, ಒಂದು ಟೀ ಸ್ಪೂನ್ ಯೀಸ್ಟ್, ಒಂದು ಹಿಡಿ ಗೋಧಿ, ಎರಡು ತುಂಡು ಚಕ್ಕೆ, ನಾಲ್ಕು ಲವಂಗ.

ದ್ರಾಕ್ಷಿ ತೊಳೆದು ತೊಟ್ಟು ತೆಗೆದು ರಾತ್ರಿಯಿಡೀ ಫ್ಯಾನ್ ಕೆಳಗೆ ಬಟ್ಟೆ ಮೇಲೆ ಹರಡಿ. ಭರಣಿ, ಮರದ ಸೌಟು ಎಲ್ಲ ಬಿಸಿಲಲ್ಲಿ ಒಣಗಿರ್ಬೇಕು, ಹಸಿ ನೀರು ಒಂದು ಹನಿ ಇದ್ರೂ ಬೂಸ್ಟು ಬರ್ತದೆ ಅಂತ ಅಜ್ಜಿ ನಮ್ಮನ್ನ ಒದ್ದೆ ಕೈಯಲ್ಲಿ ಹತ್ರಾನೂ ಬಿಡ್ತಿರ್ಲಿಲ್ಲ. ಆಮೇಲೆ ಕೈಯಲ್ಲೇ ಕಿವುಚಿ, ಮಿಕ್ಸಿ ಬೇಡ, ಬೀಜ ಒಡೆದ್ರೆ ಕಹಿ. ಇದನ್ನ ಭರಣಿಗೆ ಹಾಕಿ ಸಕ್ಕರೆ, ನೀರು, ಗೋಧಿ, ಚಕ್ಕೆ, ಲವಂಗ ಎಲ್ಲ ಸೇರಿಸಿ. ಯೀಸ್ಟನ್ನ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಸಕ್ಕರೆ ಹಾಕಿ ನೊರೆ ಬರೋವರೆಗೆ ಇಟ್ಟು ಸೇರಿಸಿ, ಬಿಸಿ ಜಾಸ್ತಿ ಆದ್ರೆ ಅದು ಸತ್ತೇ ಹೋಗ್ತದೆ. 8 ಲೀಟರ್ ಭರಣಿ ಬೇಕು, ಮುಕ್ಕಾಲಿಗಿಂತ ಜಾಸ್ತಿ ತುಂಬ್ಬೇಡಿ, ಯಾಕಂದ್ರೆ ಉಕ್ಕಿ ಬರ್ತದೆ. ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.

ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಮೂಲೆಲಿಡಿ. ಸಿಪ್ಪೆ ಮೇಲೆ ತೇಲಿ ಬಂದು ಕೂತು ಅದಕ್ಕೇ ಬೂಸ್ಟು ಹಿಡಿಯೋದು, ಅದಕ್ಕೆ ದಿನಾ ಒಂದ್ಸಲ ಸೌಟಿಂದ ಒತ್ತಿ ಒಳಗೆ ಮುಳುಗಿಸಿ ಕಲಕ್ಬೇಕು, ಇದೊಂದು ತಪ್ಪಿಸ್ಬೇಡಿ ಮಾರಾಯ್ರೆ.

21ನೇ ದಿನ ಬಟ್ಟೇಲಿ ಸೋಸಿ ರಸ ಮತ್ತೆ ಭರಣಿಗೇ ಹಾಕಿ, ಈಗ ಭರಣಿ ಅಲುಗಾಡಿಸದೆ ಬಿಟ್ಬಿಡಿ. ಗುಳ್ಳೆ ಪೂರ್ತಿ ನಿಂತ ಮೇಲೇನೇ ಬಾಟ್ಲಿಗೆ. ಒಂದು ವರ್ಷ ನಾನು ಅವಸರ ಮಾಡಿ ಬಿರಡೆ ಬಿಗಿದು ಇಟ್ಟೆ, ರಾತ್ರಿ ಢಮಾರ್, ಅಡುಗೆಮನೆ ಸೀಲಿಂಗಲ್ಲಿ ಆ ನೇರಳೆ ಕಲೆ ಈಗಲೂ ಉಂಟು. ಸಣ್ಣ ಪೈಪ್ ಹಾಕಿ ಮೇಲಿಂದ ಎಳೀರಿ, ತಳದ ಗಸಿ ಬರೋ ಮುಂಚೆ ನಿಲ್ಲಿಸಿ (ನಮ್ಮ ಕೋಳಿ ಸಾರು ಕೋರಿ ಗಸಿ ಅಲ್ಲ!). ಬಾಟ್ಲಿ ಕುತ್ತಿಗೆವರೆಗೆ ತುಂಬಿ, ಒಳಗೆ ಗಾಳಿ ಜಾಸ್ತಿ ಉಳಿದ್ರೆ ವಿನೆಗರ್ ಆಗ್ತದೆ. ಹಾಗೇನಾದ್ರೂ ಆದ್ರೆ ಚೆಲ್ಬೇಡಿ, ಹಂದಿ ಮಾಂಸಕ್ಕೆ ಹಾಕಿ.