ವಾಸೆನಾರ್‌ನ ಆರು ಕನ್ಚೆರ್ಟೊ ಕೇಳಲು ಕೂರುವ ಮುಂಚೆ

ನನ್ನ ಹತ್ತಿರವಿರುವ ಹಳೆಯ ಎಲ್‌ಪಿಯ ಹೊದಿಕೆ ಮೇಲೆ ಇಟಲಿಯ ಸಂಗೀತಗಾರ ‘ಪೆರ್ಗೊಲೇಸಿ’ಯ ಹೆಸರು ದಪ್ಪ ಅಕ್ಷರದಲ್ಲಿದೆ. ಕೆಳಗೆ ನಾನೇ ಪೆನ್ಸಿಲ್ಲಿನಲ್ಲಿ, ನಿಜಕ್ಕೂ ಬರೆದವನ ಹೆಸರು, ‘ವಾಸೆನಾರ್’ ಎಂದು ಬರೆದಿಟ್ಟಿದ್ದೇನೆ. ಹಾಗಾಗಿ ಹುಡುಕುವಾಗ ಸಂಗೀತಗಾರನ ಹೆಸರಿಗಿಂತ ಕೃತಿಯ ಹೆಸರು ಹಿಡಿಯಿರಿ: ‘ಕನ್ಚೆರ್ಟಿ ಆರ್ಮೊನಿಚಿ’. ತಂತಿವಾದ್ಯಗಳ ಗುಂಪು ನುಡಿಸುವ ಆರು ಕೃತಿಗಳ, ಅಂದರೆ ಕನ್ಚೆರ್ಟೊಗಳ, ಕಟ್ಟು ಇದು. ಅದರ ಮುಂದೆ ಪೆರ್ಗೊಲೇಸಿ ಎಂದಿರಲಿ, ಇವನ್ನು ಅಚ್ಚು ಹಾಕಿಸಿದ ರಿಚೊಟ್ಟಿ ಎಂದಿರಲಿ, ಬಿಡಬೇಡಿ.

ಊನಿಕೊ ವಿಲ್ಹೆಲ್ಮ್ ವಾನ್ ವಾಸೆನಾರ್ 1692ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಡನ್ ಬಳಿಯ ಟ್ವಿಕೆಲ್ ಕೋಟೆಯಲ್ಲಿ ಹುಟ್ಟಿದವನು. ದೊಡ್ಡ ಮನೆತನ, ರಾಜತಾಂತ್ರಿಕನ ಕೆಲಸ. ಹೇಗ್ ನಗರದಲ್ಲಿ ಗೆಳೆಯರ ಕೂಟದಲ್ಲಿ ನುಡಿಸಲೆಂದು 1725ರಿಂದ 1740ರ ನಡುವೆ ಈ ಆರು ಕನ್ಚೆರ್ಟೊಗಳನ್ನು ಬರೆದ. ಕೂಟದ ಪಿಟೀಲುಗಾರ ರಿಚೊಟ್ಟಿ ಅಚ್ಚು ಹಾಕಿಸುತ್ತೇನೆ ಅಂದಾಗ ಒಪ್ಪಲಿಲ್ಲ. ಗೆಳೆಯ ಬೆಂಟಿಂಕ್ ಒತ್ತಾಯಿಸಿದ ಮೇಲೆ, ತನ್ನ ಹೆಸರು ಬರಕೂಡದೆಂಬ ಷರತ್ತಿನ ಮೇಲೆ ಬಿಟ್ಟುಕೊಟ್ಟ. 1740ರಲ್ಲಿ ಅಚ್ಚಾಯಿತು. ಕಾಲ ಸರಿದಂತೆ ಆ ಖಾಲಿ ಜಾಗಕ್ಕೆ ಪೆರ್ಗೊಲೇಸಿಯ ಹೆಸರು ಬಂದು ಕೂತಿತು. ಸಂಗೀತ ಇತಿಹಾಸಕಾರ ಆಲ್ಬರ್ಟ್ ಡನಿಂಗ್‌ಗೆ ಟ್ವಿಕೆಲ್‌ನಲ್ಲಿ ಹಸ್ತಪ್ರತಿ ಸಿಕ್ಕಿ ಗುಟ್ಟು ಬಯಲಾದದ್ದು 1980ರ ಹೊತ್ತಿಗೆ.

ಎಲ್ಲಿಂದ ಶುರು ಮಾಡಬೇಕು? ನಾನಾದರೆ ಎರಡನೆಯ ಕನ್ಚೆರ್ಟೊದ ಕೊನೆಯ ಭಾಗದಿಂದ. ಅದನ್ನು ಕೇಳಿದ ಕೂಡಲೇ ರಷ್ಯಾದ ಸಂಗೀತಗಾರ ಸ್ಟ್ರಾವಿನ್‌ಸ್ಕಿ 1920ರಲ್ಲಿ ಮಾಡಿದ ‘ಪುಲ್ಚಿನೆಲ್ಲ’ ಬ್ಯಾಲೆಯ ಟ್ಯಾರಂಟೆಲ್ಲ ಎಂಬ ಚುರುಕು ಕುಣಿತದ ಭಾಗ ಹಾಕಿ. ಅದೇ ಧಾಟಿ! ಪೆರ್ಗೊಲೇಸಿಯದೆಂದು ನಂಬಿ ಆತ ಎತ್ತಿಕೊಂಡದ್ದು ವಾಸೆನಾರ್‌ನ ಸ್ವರಗಳನ್ನು.

ಆಮೇಲೆ ಅದೇ ಕನ್ಚೆರ್ಟೊಗೆ ಮೊದಲಿಂದ ಕಿವಿಗೊಡಿ. ನಿಧಾನ, ಚುರುಕು, ಮತ್ತೆ ನಿಧಾನ, ಮತ್ತೆ ಚುರುಕು, ಹೀಗೆ ನಾಲ್ಕು ಭಾಗ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಏಕೆಂದರೆ ಇಲ್ಲಿ ಪಿಟೀಲಿಗೇ ನಾಲ್ಕು ಪಾಲು. ಎರಡನೆಯ ಭಾಗದಲ್ಲಿ ಒಂದು ವಾದ್ಯ ಎತ್ತಿದ ಎಳೆಯನ್ನು ಇನ್ನೊಂದು ಅದು ಮುಗಿಯುವ ಮೊದಲೇ ಹಿಡಿಯುತ್ತದೆ, ಅದರ ಬೆನ್ನಿಗೇ ಮತ್ತೊಂದು. ಮೊದಲ ಸಲ ಮೇಲಿನ ಪಿಟೀಲನ್ನಷ್ಟೇ ಹಿಂಬಾಲಿಸಿ. ಎರಡನೆಯ ಸಲ ಅದನ್ನು ಬಿಟ್ಟು ತಗ್ಗು ದನಿಯ ಚೆಲ್ಲೊ ಹಿಡಿಯಿರಿ. ನನಗೆ ಈ ಸಂಗೀತದ ಬಾಗಿಲು ತೆರೆದದ್ದು ಹಾಗೆ ಕೆಳಗಿನಿಂದ ಕೇಳಿದಾಗಲೇ.

ಒಂದೊಂದಕ್ಕೆ ಹತ್ತು ನಿಮಿಷದ ಆಸುಪಾಸು ಸಾಕು. ದಿನಕ್ಕೊಂದೇ ಕೇಳಿ. ಎಫ್ ಮೈನರ್ ಎಂಬ ಸ್ವರಶ್ರೇಣಿಯಲ್ಲಿರುವುದನ್ನು ರಾತ್ರಿಗೆ ಇಟ್ಟುಕೊಳ್ಳಿ, ಆರರಲ್ಲಿ ಅದರದ್ದೇ ಅತಿ ಗಾಢ ಬಣ್ಣ.

ಆರೂ ಮುಗಿದ ಮೇಲೆ ಇದನ್ನೂ ತಿಳಿದಿರಿ: ಇವುಗಳಲ್ಲಿ ಕೆಲವು ಪರವಾಗಿಲ್ಲ, ಕೆಲವು ಸಾಧಾರಣ, ಕೆಲವು ತೀರಾ ಕಳಪೆ ಎಂದು ಆ ಹಸ್ತಪ್ರತಿಯಲ್ಲಿ ವಾಸೆನಾರ್ ತಾನೇ ಬರೆದಿದ್ದಾನೆ. ಆ ಕಳಪೆಯದು ಯಾವುದೆಂದು ವರ್ಷಗಳಿಂದ ಹುಡುಕುತ್ತಿದ್ದೇನೆ, ನನಗೆ ಒಂದೂ ಸಿಕ್ಕಿಲ್ಲ.