ಹಾಡು ಮುಂದಿರಲಿ, ಸಭಾಂಗಣ ಸುತ್ತಲಿರಲಿ: ಸ್ಟೀರಿಯೊ ಧ್ವನಿಯನ್ನು ಸರೌಂಡ್‌ಗೆ ಹದಗೊಳಿಸುವುದು ಹೇಗೆ?

ಮನೆಗೆ ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ಬಂದಾಯಿತು. ಸಿನಿಮಾ ಹಾಕಿದರೆ ಮಳೆ ಸುತ್ತಲೂ ಸುರಿಯುತ್ತದೆ. ಆದರೆ ಮನೆಯಲ್ಲಿರುವ ಹಾಡುಗಳೆಲ್ಲ ಎರಡೇ ಚಾನೆಲ್‌ನವು. ಸರೌಂಡ್ ಗುಂಡಿ ಒತ್ತಿದೊಡನೆ ಐದೂ ಕಡೆಯಿಂದ ಸದ್ದೇನೋ ಬರುತ್ತದೆ, ಗಾಯಕಿಯ ದನಿ ಮಾತ್ರ ಟಿವಿಯ ಕೆಳಗಿನ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಂತೆ ಕೇಳುತ್ತದೆ, ತಾಳ ಬೆನ್ನ ಹಿಂದಿನಿಂದ ಬಡಿಯುತ್ತದೆ. ಬಹಳ ಮಂದಿ ಅಲ್ಲಿಗೇ ಕೈಬಿಟ್ಟು ಸ್ಟೀರಿಯೊಗೆ ಮರಳುತ್ತಾರೆ. ಸೆಟ್ಟಿಂಗ್‌ಗಳ ಒಳಪುಟಕ್ಕೆ ಹೋಗಿ ನಾಲ್ಕೈದು ಅಂಕಿಗಳನ್ನು ಬದಲಿಸುವ ತಾಳ್ಮೆ ಇದ್ದರೆ ಅದೇ ಹಾಡು ಬೇರೆಯದೇ ಆಗುತ್ತದೆ.

ರಿಸೀವರ್ ಹೊಸ ಧ್ವನಿಯನ್ನು ಸೃಷ್ಟಿಸುವುದಿಲ್ಲ, ಇರುವುದನ್ನೇ ಹಂಚುತ್ತದೆ. ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಒಂದೇ ತೆರನಾಗಿರುವುದು ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ಹೆಚ್ಚಿನ ಹಾಡುಗಳಲ್ಲಿ ಅದು ಗಾಯಕರ ದನಿ. ಎರಡರ ನಡುವೆ ಹೊಂದಿಕೆಯಾಗದೆ ಉಳಿಯುವುದು, ಅಂದರೆ ಸಭಾಂಗಣದ ಮಾರ್ದನಿ, ಚಪ್ಪಾಳೆ, ಅಗಲವಾಗಿ ಹರಡಿದ ಪಿಟೀಲುಗಳು, ಹಿಂದಿನ ಸ್ಪೀಕರ್‌ಗಳಿಗೆ ಹೋಗುತ್ತದೆ. 1970ರ ದಶಕದ ನಡುವಿನಲ್ಲಿ ಬಂದ ಡಾಲ್ಬಿ ಸ್ಟೀರಿಯೊ ಸಿನಿಮಾದ ನಾಲ್ಕು ಚಾನೆಲ್‌ಗಳನ್ನು ಎರಡರಲ್ಲಿ ಮಡಚಿ ಇಟ್ಟಿದ್ದು ಇದೇ ಉಪಾಯದಿಂದ. ಎರಡು ಚಾನೆಲ್‌ನಿಂದ ಸರೌಂಡ್ ಬಿಡಿಸುವ ಡಾಲ್ಬಿಯ ತಂತ್ರವಾದ 1987ರ ಪ್ರೊ ಲಾಜಿಕ್‌ನಲ್ಲಿ ಹಿಂಬದಿಗೆ ಸಿಗುತ್ತಿದ್ದುದು 7 ಕಿಲೋಹರ್ಟ್ಸ್‌ಗೆ ಕತ್ತರಿಸಿದ ಒಂದೇ ಮೊನೊ ಚಾನೆಲ್. ಜಿಮ್ ಫಾಸ್ಗೇಟ್ ರೂಪಿಸಿದ ಪ್ರೊ ಲಾಜಿಕ್ 2, 2000ದಲ್ಲಿ ಬಂದಾಗ ಹಿಂಬದಿಗೂ ಪೂರ್ಣ ಸ್ಟೀರಿಯೊ ದೊರೆಯಿತು. ಜೊತೆಗೆ ಸಂಗೀತಕ್ಕೆಂದೇ ಮೂರು ಹೊಂದಾಣಿಕೆಗಳು ಸೇರಿಕೊಂಡವು: ಸೆಂಟರ್ ವಿಡ್ತ್, ಡೈಮೆನ್ಷನ್, ಪನೋರಮಾ.

ಮೊದಲು ಅಳತೆ ಟೇಪ್

ಆ ಮೂರನ್ನು ಮುಟ್ಟುವ ಮುನ್ನ ಅಳತೆ ಟೇಪ್ ತೆಗೆದುಕೊಳ್ಳಿ. ನೀವು ಕುಳಿತಾಗ ತಲೆ ಇರುವ ಜಾಗದಿಂದ ಪ್ರತಿ ಸ್ಪೀಕರ್‌ಗೆ ಎಷ್ಟು ದೂರ ಎಂದು ಅಳೆದು ರಿಸೀವರ್‌ನ ದೂರದ ಪಟ್ಟಿಯಲ್ಲಿ ತುಂಬಿಸಿ. ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಿಂದಿನ ಸ್ಪೀಕರ್‌ನ ದೂರವನ್ನು ಒಂದು ಮೀಟರ್ ತಪ್ಪಾಗಿ ಬರೆದರೆ ಸದ್ದು ಮೂರು ಮಿಲಿಸೆಕೆಂಡ್ ಆಚೀಚೆಯಾಗುತ್ತದೆ. ಕಿವಿ ಮೊದಲು ತಲುಪಿದ ಸದ್ದಿನ ಕಡೆಗೇ ವಾಲುವುದರಿಂದ ಹಾಡು ಹಿಂದಕ್ಕೆ ಎಳೆದಂತೆ ಆಗಲು ಅಷ್ಟು ಸಾಕು.

ಹಿಂದಿನ ಸ್ಪೀಕರ್‌ಗಳನ್ನು ಕೇಳುಗನ ಮುಂದಿನ ನೇರದಿಂದ 100ರಿಂದ 120 ಡಿಗ್ರಿಯೊಳಗೆ, ಅಂದರೆ ಪಕ್ಕಕ್ಕಿಂತ ತುಸು ಹಿಂದೆ ಇಡಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ನಮ್ಮ ಮನೆಗಳಲ್ಲಿ ಸೋಫಾ ಗೋಡೆಗೆ ಆನಿಕೊಂಡಿರುತ್ತದೆ, ಹಿಂದೆ ಜಾಗವೇ ಇರುವುದಿಲ್ಲ. ಹಾಗಿದ್ದರೆ ಪಕ್ಕದ ಗೋಡೆಗೇ, ಕಿವಿಗಿಂತ ಒಂದೆರಡು ಅಡಿ ಮೇಲೆ ಕೂರಿಸಿ. ತಲೆಯ ಹಿಂದೆ ಗೋಡೆಗೆ ಅಂಟಿಸಿದ್ದಕ್ಕಿಂತ ಅದು ಎಷ್ಟೋ ಮೇಲು.

ನಂತರ ಪರೀಕ್ಷಾ ಸದ್ದನ್ನು ಹಾಕಿ, ಮೊಬೈಲ್‌ನ ಡೆಸಿಬಲ್ ಆ್ಯಪ್‌ನಿಂದ ಐದೂ ಸ್ಪೀಕರ್‌ಗಳ ಮಟ್ಟವನ್ನು ಒಂದೇ ಮಾಡಿ. ಮೊಬೈಲ್ ತೋರಿಸುವ ಅಂಕಿ ನಿಖರವಾಗಿರಬೇಕಾಗಿಲ್ಲ. ಐದೂ ಕಡೆ ಒಂದೇ ಅಂಕಿ ಬಂದರೆ ಸಾಕು.

ನಡುವಿನ ಸ್ಪೀಕರ್: ಹೆಚ್ಚಿನ ಸಮಯ ಇಲ್ಲಿಗೆ ಕೊಡಿ

ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ದೂರುಗಳು ಇಲ್ಲಿ ಪರಿಹಾರವಾಗುತ್ತವೆ. ಒಂದೇ ದನಿ, ಒಂದೆರಡು ವಾದ್ಯಗಳಿರುವ, ನಿಮಗೆ ಬಾಯಿಪಾಠವಾಗಿರುವ ಭಾವಗೀತೆಯೊಂದನ್ನು ಆರಿಸಿಕೊಳ್ಳಿ. ಎಲ್ಲ ಹಂತಕ್ಕೂ ಅದೇ ಹಾಡು, ಅದೇ ಚರಣ. ಪ್ರೊ ಲಾಜಿಕ್ 2ರ ಮ್ಯೂಸಿಕ್ ಮೋಡ್‌ನಲ್ಲಿ 'ಸೆಂಟರ್ ವಿಡ್ತ್' ಎಂಬ ಸಾಲು ಇರುತ್ತದೆ, 0ಯಿಂದ 7ರವರೆಗೆ. 0 ಇಟ್ಟರೆ ದನಿ ಪೂರ್ತಿ ನಡುವಿನ ಸ್ಪೀಕರ್‌ನಲ್ಲಿ. 7 ಇಟ್ಟರೆ ಅದು ಎಡಬಲಗಳಿಗೆ ಹಂಚಿಹೋಗಿ ನಡುವಿನದು ಸುಮ್ಮನಾಗುತ್ತದೆ.

ಮೊದಲು 0 ಇಟ್ಟು ಚರಣ ಕೇಳಿ, ಆಮೇಲೆ 7. ಎರಡು ತುದಿ ಕಿವಿಗೆ ಪರಿಚಯವಾದ ಮೇಲೆ 3ಕ್ಕೆ ಬನ್ನಿ. ಅಲ್ಲಿಂದ ಒಂದೊಂದೇ ಅಂಕಿ ಏರಿಸಿ, ಇಳಿಸಿ ನೋಡಿ. ದನಿ ಪೆಟ್ಟಿಗೆಯಿಂದ ಬಿಡಿಸಿಕೊಂಡು, ಹಾಡುವವರು ಎದುರಿಗೆ ನಿಂತಷ್ಟು ಅಗಲಕ್ಕೆ ಬರುವ ಒಂದು ಬಿಂದು ಇರುತ್ತದೆ. ಮೂರೂ ಸ್ಪೀಕರ್ ಒಂದೇ ತಯಾರಿಕೆಯವಾದರೆ ಆ ಬಿಂದು 2 ಅಥವಾ 3ರಲ್ಲೇ ಸಿಗಬಹುದು. ನಡುವಿನದು ಚಿಕ್ಕದಾಗಿ, ದನಿ ಮೂಗಿನಿಂದ ಬಂದಂತೆ ಕೇಳುತ್ತಿದ್ದರೆ 5ರವರೆಗೂ ಹೋಗಿ. ಸೋಫಾದ ಅಂಚಿನಲ್ಲಿ ಕೂರುವವರು ಮನೆಯಲ್ಲಿದ್ದರೆ ಅಂಕಿ ಕಡಿಮೆಯೇ ಇರಲಿ. ಇಲ್ಲವಾದರೆ ಅವರಿಗೆ ಹಾಡು ಹತ್ತಿರದ ಸ್ಪೀಕರ್‌ಗೆ ವಾಲುತ್ತದೆ.

ಪ್ರೊ ಲಾಜಿಕ್ 2ರಂಥದೇ ಇನ್ನೊಂದು ತಂತ್ರವಾದ ಡಿಟಿಎಸ್ ನಿಯೊ:6 ಇರುವ ರಿಸೀವರ್‌ನಲ್ಲಿ ಇದೇ ಕೆಲಸಕ್ಕೆ 'ಸೆಂಟರ್ ಇಮೇಜ್' ಎಂಬ ಹೆಸರು, 0.0ಯಿಂದ 1.0ರವರೆಗೆ. ಅಲ್ಲಿ ಲೆಕ್ಕ ತಿರುವುಮುರುವು: ಅಂಕಿ ಕಡಿಮೆಯಾದಷ್ಟೂ ದನಿ ಹರಡುತ್ತದೆ. 2014ರ ನಂತರ, ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಅಟ್ಮಾಸ್ ಜೊತೆಗೆ ಬಂದ ಡಾಲ್ಬಿ ಸರೌಂಡ್‌ನಲ್ಲಿ ಈ ಸೂಕ್ಷ್ಮವೆಲ್ಲ ಹೋಗಿ 'ಸೆಂಟರ್ ಸ್ಪ್ರೆಡ್' ಎಂಬ ಒಂದೇ ಸ್ವಿಚ್ ಉಳಿದಿದೆ. ಸಂಗೀತಕ್ಕೆ ಅದು ಆನ್ ಇರಲಿ. ಎಂಟು ಮೆಟ್ಟಿಲುಗಳಿದ್ದ ಕಡೆ ಒಂದು ಸ್ವಿಚ್ ಮಾಡಿದ್ದು ನನಗೆ ಈಗಲೂ ನಷ್ಟವೆಂದೇ ಅನಿಸುತ್ತದೆ.

ಡೈಮೆನ್ಷನ್, ಪನೋರಮಾ

ಡೈಮೆನ್ಷನ್ ಇಡೀ ಧ್ವನಿಯನ್ನು ಮುಂದಕ್ಕೋ ಹಿಂದಕ್ಕೋ ಸರಿಸುತ್ತದೆ. ಕೆಲವು ಕಂಪನಿಗಳು −3ರಿಂದ +3, ಕೆಲವು 0ಯಿಂದ 6 ಎಂದು ಬರೆಯುತ್ತವೆ. ನಡುವಿನ ಅಂಕಿಯಿಂದ ಆರಂಭಿಸಿ ಮುಂದಿನ ಕಡೆಗೆ ಒಂದು ಹೆಜ್ಜೆ ಇಡಿ. ಕಛೇರಿ ಸಂಗೀತಕ್ಕೆ ಬಹುತೇಕ ಅದೇ ಸರಿ. ಮೃದಂಗದ ಪೆಟ್ಟು ಎದುರಿನಿಂದ ಬರಬೇಕು, ಅದರ ಅನುರಣನ ಮಾತ್ರ ಪಕ್ಕದಿಂದ. ಪನೋರಮಾ ಮುಂದಿನ ಎಡಬಲಗಳನ್ನು ಪಕ್ಕದ ಗೋಡೆಗಳ ತನಕ ಹಿಗ್ಗಿಸುತ್ತದೆ. ದೊಡ್ಡ ವಾದ್ಯಮೇಳದ ಸಿನಿಮಾ ಹಾಡಿಗೆ ಹಾಕಿ ನೋಡಬಹುದು, ಉಳಿದಂತೆ ಆಫ್.

'ಸ'ಕಾರ ಬೆನ್ನ ಹಿಂದೆ ಹೋದರೆ

ನಮ್ಮ ಮನೆಯಲ್ಲಿ ಸೋದರಮಾವನ ಗಮಕ ವಾಚನದ ಹಳೆಯ ಕ್ಯಾಸೆಟ್ ಒಂದಿದೆ. ಅದನ್ನು ಡಿಜಿಟಲ್ ಮಾಡಿ ಸರೌಂಡ್‌ನಲ್ಲಿ ಕೇಳಿಸಿದಾಗ ಅಮ್ಮ ಎರಡು ಬಾರಿ ಹಿಂದೆ ತಿರುಗಿ ನೋಡಿದರು. "ಅಣ್ಣನ ದನಿ ಎದುರಿಗಿದೆ, ಹಿಂದೆ ಯಾರಪ್ಪಾ ಉಸ್ಸೆನ್ನುತ್ತಿರುವುದು?" ಎಂದು ಕೇಳಿದರು. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಸ, ಶ, ಷ ಬಂದಾಗಲೆಲ್ಲ ಆ ವ್ಯಂಜನವಷ್ಟೇ ಹಿಂದಿನ ಸ್ಪೀಕರ್‌ಗೆ ಜಿಗಿಯುತ್ತಿತ್ತು.

ಕಾರಣ ಕ್ಯಾಸೆಟ್ ಡೆಕ್‌ನಲ್ಲಿ ಟೇಪನ್ನು ಓದುವ ಹೆಡ್‌ನಲ್ಲಿತ್ತು. ಹೆಡ್ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಓರೆಯಾಗಿದ್ದರೂ ಒಂದು ಚಾನೆಲ್ ಇನ್ನೊಂದಕ್ಕಿಂತ ತಡವಾಗುತ್ತದೆ. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ಓರೆಯಾದರೆ ಸುಮಾರು 45 ಮೈಕ್ರೊಸೆಕೆಂಡ್ ತಡ, ಅಂದರೆ 44.1 ಕಿಲೋಹರ್ಟ್ಸ್ ಫೈಲ್‌ನಲ್ಲಿ ಎರಡು ಸ್ಯಾಂಪಲ್ (ಡಿಜಿಟಲ್ ಧ್ವನಿಯ ಒಂದೊಂದು ಅಳತೆ). 200 ಹರ್ಟ್ಸ್‌ನ ಕಂಠಕ್ಕೆ ಇದು ಲೆಕ್ಕಕ್ಕಿಲ್ಲ, ಅದರ ಒಂದು ಅಲೆಯೇ 5,000 ಮೈಕ್ರೊಸೆಕೆಂಡ್ ಉದ್ದ. ಆದರೆ 'ಸ'ಕಾರದ ತುದಿ 10 ಕಿಲೋಹರ್ಟ್ಸ್ ಮುಟ್ಟುತ್ತದೆ. ಅಲ್ಲಿ ಒಂದು ಅಲೆ 100 ಮೈಕ್ರೊಸೆಕೆಂಡ್ ಮಾತ್ರ. 45 ಎಂದರೆ ಹತ್ತಿರ ಹತ್ತಿರ ಅರ್ಧ ಅಲೆ, ಎರಡು ಚಾನೆಲ್‌ಗಳು ಒಂದಕ್ಕೊಂದು ವಿರುದ್ಧವಾಗುತ್ತವೆ. ವಿರುದ್ಧವಾದದ್ದನ್ನು ಹಿಂದಕ್ಕೆ ಕಳಿಸುವುದೇ ರಿಸೀವರ್‌ನ ಕೆಲಸ, ಅದು ತನ್ನ ಕೆಲಸ ಮಾಡಿತ್ತು.

ಇದನ್ನು ರಿಸೀವರ್‌ನಲ್ಲಿ ಸರಿಪಡಿಸಲಾಗದು. ಕಂಪ್ಯೂಟರ್‌ನಲ್ಲಿ ಧ್ವನಿ ತಿದ್ದುವ ತಂತ್ರಾಂಶ ಅಡಾಸಿಟಿ ತೆರೆಯಿರಿ. ಮೂಲ ಫೈಲ್ ಬದಿಗಿಟ್ಟು ನಕಲಿನ ಮೇಲೆ ಕೆಲಸ ಮಾಡಿ. ಮುದ್ರಣ ಮೂಲತಃ ಮೊನೊ ಆಗಿದ್ದರೆ, ಎರಡು ಚಾನೆಲ್‌ಗಳಲ್ಲಿ ಶುದ್ಧವಾಗಿರುವ ಒಂದನ್ನೇ ಉಳಿಸಿಕೊಳ್ಳಿ. ಎರಡನ್ನೂ ಕೂಡಿಸಬೇಡಿ, ಕೂಡಿಸಿದರೆ ಆ ವಿರುದ್ಧ ಅಲೆಗಳು ಒಂದನ್ನೊಂದು ನುಂಗಿ 'ಸ'ಕಾರವೇ ಮಂಕಾಗುತ್ತದೆ. ನಿಜವಾದ ಸ್ಟೀರಿಯೊ ಆಗಿದ್ದರೆ ಚಾನೆಲ್‌ಗಳನ್ನು ಬೇರ್ಪಡಿಸಿ. ಅಲೆಗಳ ಶಿಖರಗಳು ಕಾಣುವವರೆಗೆ ಚಿತ್ರವನ್ನು ಹಿಗ್ಗಿಸಿ, ತಡವಾದದ್ದನ್ನು ಒಂದೊಂದೇ ಸ್ಯಾಂಪಲ್ ಹಿಂದಕ್ಕೆ ಎಳೆದು ಸಾಲುಗೂಡಿಸಿ. ಮಾವನ ಕ್ಯಾಸೆಟ್ ಮೊನೊ. ಎಡ ಚಾನೆಲ್ ಒಂದನ್ನೇ ಇಟ್ಟುಕೊಂಡ ಮೇಲೆ ದನಿಯೂ ವ್ಯಂಜನವೂ ಒಂದೇ ಬಾಯಿಂದ ಬಂದವು. ಸೆಂಟರ್ ವಿಡ್ತ್ 5 ಇಟ್ಟು ಅಮ್ಮ ಈಗ ಅದನ್ನು ಕೇಳುತ್ತಾರೆ.

ಇದೇ ತರ್ಕ ಎಂಪಿ3ಗೂ ಅನ್ವಯಿಸುತ್ತದೆ. ಕಡಿಮೆ ಬಿಟ್‌ರೇಟ್‌ನ ಫೈಲ್‌ನಲ್ಲಿ ದನಿಯ ಮರೆಯಲ್ಲಿ ಅಡಗಿದ್ದ ಕಶ್ಮಲ, ದನಿ ನಡುವಿಗೆ ಹೋದೊಡನೆ ಹಿಂದಿನ ಸ್ಪೀಕರ್‌ನಲ್ಲಿ ಬಯಲಾಗುತ್ತದೆ, ನೀರು ಗುಳುಗುಳು ಎಂದಂತೆ. ಸಿಡಿ ಅಥವಾ ಧ್ವನಿಯನ್ನು ನಷ್ಟವಿಲ್ಲದೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಇದ್ದರೆ ಅದನ್ನೇ ಬಳಸಿ.

ಸಬ್‌ವೂಫರ್

ಎರಡು ಚಾನೆಲ್‌ನ ಹಾಡಿನಲ್ಲಿ ಸಬ್‌ವೂಫರ್‌ಗೆಂದೇ ಮೀಸಲಾದ ಚಾನೆಲ್ ಇರುವುದಿಲ್ಲ. ಪ್ರೊ ಲಾಜಿಕ್ 2 ಅದನ್ನು ಸೃಷ್ಟಿಸುವುದೂ ಇಲ್ಲ. ಉಳಿದ ಸ್ಪೀಕರ್‌ಗಳಿಂದ ತೆಗೆದ ಮಂದ್ರವಷ್ಟೇ ಅಲ್ಲಿಗೆ ಹೋಗುತ್ತದೆ. ಎಲ್ಲ ಸ್ಪೀಕರ್‌ಗಳನ್ನೂ 'ಸ್ಮಾಲ್' ಎಂದಿಟ್ಟು, ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ಕೆಳಗಿನ ಮಂದ್ರ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ನಿಂದ ಆರಂಭಿಸಿ. 'ಎಲ್‌ಎಫ್‌ಇ ಪ್ಲಸ್ ಮೇನ್' ಆನ್ ಇದ್ದರೆ ಆಫ್ ಮಾಡಿ, ಅದು ಒಂದೇ ಮಂದ್ರವನ್ನು ಎರಡು ಕಡೆ ನುಡಿಸುತ್ತದೆ.

ಕಂಪ್ಯೂಟರ್‌ನಲ್ಲೇ ಮಾಡುವವರಿಗೆ

ಧ್ವನಿ, ವಿಡಿಯೊ ಫೈಲ್‌ಗಳನ್ನು ಪರಿವರ್ತಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಸರೌಂಡ್ ಫಿಲ್ಟರ್ ಬಳಸುವವರು ಎರಡು ಸಾಲುಗಳನ್ನು ಗಮನಿಸಿ. ಒಂದು, ವಿಂಡೊ ಗಾತ್ರ, ಅಂದರೆ ಒಂದು ಸಲಕ್ಕೆ ಪರಿಶೀಲಿಸುವ ಧ್ವನಿಯ ತುಂಡಿನ ಉದ್ದ. ಮೊದಲೇ ಇರುವ 4096 ಸ್ಯಾಂಪಲ್ ಎಂದರೆ 48 ಕಿಲೋಹರ್ಟ್ಸ್‌ನಲ್ಲಿ 85 ಮಿಲಿಸೆಕೆಂಡ್. ಗಾತ್ರ ಹೆಚ್ಚಿಸಿದರೆ ವಾದ್ಯಗಳು ಚೆನ್ನಾಗಿ ಬೇರ್ಪಡುತ್ತವೆ, ಆದರೆ ತಬಲದ ಪೆಟ್ಟಿಗೆ ಮುನ್ನವೇ ಅದರ ನೆರಳು ಕೇಳತೊಡಗುತ್ತದೆ. ಲಯವಾದ್ಯ ಪ್ರಧಾನವಾದ ಕಡೆ 2048ಕ್ಕೆ ಇಳಿಸಿ ನೋಡಿ. ಇನ್ನೊಂದು, ಸಬ್‌ವೂಫರ್ ಚಾನೆಲ್‌ನ ಮಿತಿ. 128 ಮತ್ತು 256 ಹರ್ಟ್ಸ್ ಎಂದು ಇರುತ್ತದೆ. ಗಂಡು ದನಿಯ ಬುಡವೇ ಅಲ್ಲಿರುವುದರಿಂದ ಅದು ಸಬ್‌ವೂಫರ್‌ನಲ್ಲಿ ಗೊಣಗುತ್ತದೆ. 60 ಮತ್ತು 120ಕ್ಕೆ ತನ್ನಿ. ಫಲಿತಾಂಶವನ್ನು ಫ್ಲ್ಯಾಕ್‌ನಲ್ಲಿ ಉಳಿಸಿ, ಅದು ಎಂಟು ಚಾನೆಲ್‌ಗಳವರೆಗೆ ಹಿಡಿಯುತ್ತದೆ.

ಕೊನೆಯ ಪರೀಕ್ಷೆ

ಇಷ್ಟಾದ ಮೇಲೆ ಹಿಂದಿನ ಸ್ಪೀಕರ್‌ಗಳ ಮಟ್ಟವನ್ನು ಅರ್ಧ ಡೆಸಿಬಲ್‌ನಂತೆ ಇಳಿಸುತ್ತ ಬನ್ನಿ. ಅವು ನುಡಿಯುತ್ತಿವೆ ಎಂಬುದೇ ಮರೆತುಹೋಗುವ ಮಟ್ಟದಲ್ಲಿ ನಿಲ್ಲಿಸಿ. ನಂತರ ಮನೆಯವರೊಬ್ಬರ ಕೈಗೆ ರಿಮೋಟ್ ಕೊಟ್ಟು, ನೀವು ಕಣ್ಣು ಮುಚ್ಚಿ ಕುಳಿತು, ಹಾಡಿನ ನಡುವೆ ಹೇಳದೆ ಸ್ಟೀರಿಯೊಗೆ ಬದಲಿಸಲು ಹೇಳಿ. ಐದು ಸ್ಪೀಕರ್‌ಗಳು ಸೇರಿದಾಗ ಸದ್ದು ಸಹಜವಾಗಿಯೇ ಜೋರಾಗಿರುತ್ತದೆ, ಜೋರಾದದ್ದೇ ಚೆಂದ ಎಂದು ಕಿವಿ ಮೋಸಹೋಗುತ್ತದೆ. ಆದ್ದರಿಂದ ಎರಡರ ವಾಲ್ಯೂಮ್ ಸಮ ಮಾಡಿಕೊಂಡೇ ಈ ಪರೀಕ್ಷೆ ನಡೆಸಿ. ಸ್ಟೀರಿಯೊಗೆ ಹೋದ ಗಳಿಗೆಯಲ್ಲಿ ಗಾಯಕಿ ನಿಂತ ಜಾಗ ಬದಲಾಗದೆ, ಕೋಣೆ ಮಾತ್ರ ಚಿಕ್ಕದಾದಂತೆ ಅನಿಸಿದರೆ ಅಂಕಿಗಳು ಸರಿಯಾಗಿವೆ. ಗಾಯಕಿಯೇ ಸರಿದರೆ ಮತ್ತೆ ನಡುವಿನ ಸ್ಪೀಕರ್‌ನ ಸಾಲಿಗೆ ಹೋಗಿ ಒಂದು ಅಂಕಿ ಬದಲಿಸಿ, ಅದೇ ಚರಣ ಹಾಕಿ.